ಹನ್ನೊಂದನೆಯ ನಾಯಿ

ಪರೇಲಿನ ಆಪರೇಷನ್ ಕೋಣೆಯಲ್ಲಿ
ಮೊದಲ ಹತ್ತು ವರ್ಷ ಮೂಳೆ ಕೊರೆದದ್ದು
ಲೋಹಾರ್ ಚಾಳಿನಲ್ಲಿ ಕೊಂಡ ಬಡಗಿ ಡ್ರಿಲ್ಲಿನಿಂದ.
ಆವಿಯಲ್ಲಿ ಬೇಯಿಸಿದ ಬಟ್ಟೆಯ ತೋಳು ತೊಡಿಸಿ ಇಟ್ಟರೆ
ಮಡಿಯುಟ್ಟ ಮದುಮಗನ ಹಾಗೆ, ಯಾರೂ ಮುಟ್ಟದಂತೆ
ಬಬನ್ ಕಾಂಬ್ಳೆ ಕಾವಲು ನಿಲ್ಲುತ್ತಿದ್ದ.

ಕುಂದಾಪುರದಿಂದ ಬಂದ ದೊಡ್ಡತ್ತೆ ಕೇಳಿದಳು:
"ಇಷ್ಟ್ ಓದದ್ದ್ ನಾಯಿ ಕಾಲಿಗಾ ಹೆಣೆ?"
ಹೌದತ್ತೆ. ಬೆಕ್ಕಿನದಕ್ಕೂ.
ಬಾಲದ ಡೊಂಕು ಮಾತ್ರ ನಮ್ಮ ಸಿಲೆಬಸ್ಸಿನಲ್ಲಿಲ್ಲ.
ನಕ್ಕಳು. ಆಮೇಲೆ ಸೀರೆ ಸರಿಸಿ, ಮಂಡಿ ತೋರಿಸಿ,
"ಇದ್ಕೆಂತಾರೂ ಇತ್ತಾ?"

ನಾಲ್ಕನೇ ಮಾಳಿಗೆಯಿಂದ ಪಾರಿವಾಳಕ್ಕೆ ಹಾರಿ ತಪ್ಪಿದ ಬೆಕ್ಕುಗಳು.
ಸೋಫಾ ಇಳಿದಷ್ಟಕ್ಕೇ ಮಂಡಿಚಿಪ್ಪು ಜಾರಿಸಿಕೊಂಡ ಪಾಮೆರೇನಿಯನ್ನು.
ಟ್ಯಾಕ್ಸಿಗೆ ಸಿಕ್ಕವು, ಹಾರ್ಬರ್ ಲೈನಿನ ಹಳಿ ದಾಟಿದವು.
ಪೆನ್ಸಿಲಿನಷ್ಟು ತೊಡೆಮೂಳೆಗೆ ಸೂಜಿಯಷ್ಟು ಕಂಬಿ;
ತಂತಿ ಸುತ್ತುವಾಗ ಉಸಿರು ಬಿಗಿಹಿಡಿಯಬೇಕು.
ಗಾಯದ ಮೇಲೆ ಹತ್ತು ವಿದ್ಯಾರ್ಥಿಗಳ ಹಣೆ ಒಂದಕ್ಕೊಂದು ತಾಗುತ್ತದೆ.
ಬೆಳಕು ಬಿಡ್ರೋ!
ಇಂಗ್ಲಿಷಿನಲ್ಲಿ ಕಲಿಸುತ್ತೇನೆ, ಮರಾಠಿಯಲ್ಲಿ ಬೈಯುತ್ತೇನೆ,
ಸ್ಕ್ರೂ ಕೈಜಾರಿ ನೆಲಕ್ಕುರುಳಿದಾಗ
ಬಾಯಿಗೆ ಬರುವುದು ಮಾತ್ರ ಕುಂದಾಪುರ.

ಜೊತೆಗೆ ಕಲಿತವರು ಬಾಂದ್ರಾದಲ್ಲಿ ಗಾಜಿನ ಕ್ಲಿನಿಕ್ಕು ತೆರೆದರು.
ನಾನು ಬಡ್ತಿಯ ಕಡತ ತೆರೆದೆ.
ಬಡ್ತಿಗೆ ಬೇಕು ಪ್ರಬಂಧ, ಪ್ರಬಂಧಕ್ಕೆ ಹನ್ನೆರಡು ನಾಯಿ:
ಒಂದೇ ಬಗೆಯ ಮುರಿತ, ಒಂದೇ ಅಳತೆಯ ಪ್ಲೇಟು,
ವರ್ಷ ಕಳೆದ ಮೇಲೆ ನಡಿಗೆಯ ಪರೀಕ್ಷೆ.
ಹನ್ನೊಂದನೆಯದೊಂದು ಬಿಟ್ಟು ಎಲ್ಲ ಬಂದವು.
ಕೋಷ್ಟಕದಲ್ಲಿ ಅದರ ಮನೆ ಖಾಲಿ.
ಯಾಕೆಂದು ವಿವರಿಸಿ, ಎಂದರು ಪರೀಕ್ಷಕರು.

ದಾಖಲೆ: ಹೆಸರು ಮಸ್ಕಾ. ವಯಸ್ಸು ಅಂದಾಜು.
ತಂದವರು ಫರ್ಜಾನಾ, ಶಿವಡಿ, ಸೇತುವೆ ಕೆಳಗೆ.
ಫೋನು ಬೇರೆ ಯಾರದೋ.

ಭಾನುವಾರ ಹೊರಟೆವು, ನಾನೂ
ಎಂ.ವಿ.ಎಸ್ಸಿ. ಹುಡುಗಿ ಋತ್ವಿಜಾ ಸಾಳುಂಖೆಯೂ.
ಅಳತೆಪಟ್ಟಿ, ಕೀಲಿನ ಕೋನಮಾಪಕ,
ಐದು ರೂಪಾಯಿಯ ಗ್ಲುಕೋಸ್ ಬಿಸ್ಕತ್ತು.
ಸೇತುವೆ ಕೆಳಗೆ ಜನವಿಲ್ಲ, ನೀಲಿ ತಗಡಿನ ಗೋಡೆ, ಕಾಮಗಾರಿ ಫಲಕ.
ಚಹಾದವನು ಲೋಟ ತೊಳೆಯುತ್ತಲೇ ಹೇಳಿದ,
ಎಬ್ಬಿಸಿಬಿಟ್ಟರು. ಕಾಟನ್ ಗ್ರೀನ್ ಕಡೆ ನೋಡಿ.

ಗೋದಾಮುಗಳ ಸಾಲು, ಎಣ್ಣೆ ಕುಡಿದ ಧೂಳು,
ಒಂದು ಮೂಲೆಯಲ್ಲಿ ಕೊಡೆಗಳ ಗುಡ್ಡೆ.
ಗುಡ್ಡೆಯ ಹಿಂದೆ ಫರ್ಜಾನಾ,
ಮುರಿದ ಕಡ್ಡಿಗೆ ತಂತಿ ಸುತ್ತುತ್ತಿದ್ದಾಳೆ
ನನ್ನ ಮೂರನೇ ಬ್ಯಾಚಿಗಿಂತ ಬಿಗಿಯಾಗಿ.

ಆಕೆಗೆ ನನ್ನ ಗುರುತು ಹತ್ತಲಿಲ್ಲ.
ನಾಯಿಗೆ ಹತ್ತಿತು.

ತಲೆಯೆತ್ತಿತು. ಮೂಗು ಅರಳಿಸಿತು.
ಎಷ್ಟು ಸಾಬೂನು ಹಚ್ಚಿದರೂ ಹೋಗದ ನನ್ನ ಕೈವಾಸನೆ
ಗಾಳಿಯಲ್ಲಿ ಮುಟ್ಟಿದ್ದೇ ತಡ
ಕೊಡೆಗಳ ಮೇಲಿಂದ ಹಾರಿ, ನಿಂತ ಲಾರಿಯಡಿ ನುಗ್ಗಿ
ಗೋಡೆಗುಂಟ ಒಂದೇ ಓಟ,
ಒಂದು ಎರಡು ಮೂರು ನಾಲ್ಕೂ ಕಾಲು!
"ಎಡ ಹಿಂಗಾಲು ನೋಡೇ, ಎಡ ಹಿಂಗಾಲು!"
ನಾನು ಕೂಗಿದ್ದು ಕನ್ನಡದಲ್ಲಿ.
ಪಾಪ ಋತ್ವಿಜಾ, ಬಿಸ್ಕತ್ತು ಚೆಲ್ಲಿ ಫೋನೆತ್ತುವಷ್ಟರಲ್ಲಿ
ರಸ್ತೆ ಖಾಲಿ.

"ತಪ್ಪು ತಿಳೀಬೇಡಿ ಮೇಡಂ," ಫರ್ಜಾನಾ ನಾಚಿದಳು,
"ಬೇರೆ ಯಾರನ್ನು ಕಂಡರೂ ಹೀಗೆ ಓಡಲ್ಲ."
ಅರ್ಧ ಗಂಟೆ ಕಾದೆವು. ಬರಲಿಲ್ಲ.
ಇಪ್ಪತ್ತಾರು ವರ್ಷದಲ್ಲಿ ನನಗೆ ಸಿಕ್ಕ
ಸ್ಪಷ್ಟವಾದ ಪ್ರಮಾಣಪತ್ರ ಆ ಬೆನ್ನು.

ಬರೆದೆ: ಕುಂಟು ಇಲ್ಲ. ಭಾರ ಹಾಕುವಿಕೆ ಪೂರ್ಣ.
ವೈದ್ಯರ ಬಗ್ಗೆ ಅಭಿಪ್ರಾಯ: ಬದಲಾಗಿಲ್ಲ.
ಕೊನೆಯ ಸಾಲು ಋತ್ವಿಜಾ ಅಳಿಸಿದಳು.
ಚಿತ್ರದ ಸಾಕ್ಷಿಯಿಲ್ಲವೆಂದು ಪರೀಕ್ಷಕರು ಉಳಿದದ್ದನ್ನೂ ಅಳಿಸಿದರು.
ಹನ್ನೊಂದೇ ನಾಯಿಗಳೊಡನೆ ಪ್ರಬಂಧ ಅಚ್ಚಾಯಿತು,
ಬಡ್ತಿ ಎರಡು ವರ್ಷ ತಡವಾಗಿ.

ಆ ದಿನ ನನ್ನ ಕೊಡೆಯನ್ನೂ ಕೊಟ್ಟು ಬಂದಿದ್ದೆ.
ನಲವತ್ತು ರೂಪಾಯಿ. ಚೌಕಾಸಿಗೆ ಬಗ್ಗಲಿಲ್ಲ ಫರ್ಜಾನಾ,
ನಾನು ಡಾಕ್ಟರೆಂದು ಐದೂ ಬಿಡಲಿಲ್ಲ.
ಐದು ಜೂನ್ ತಡೆದುಕೊಂಡಿದೆ ಅವಳು ಸುತ್ತಿದ ತಂತಿ.
ಮಡಚುವಾಗ ಒಂದು ಕಡ್ಡಿ
ಇಷ್ಟೇ ಇಷ್ಟು ಡೊಂಕು.
ನೆಟ್ಟಗೆ ಮಾಡಲು ಹೋಗಿಲ್ಲ.