ಕಾವು

ಜುಲೈ. ನೆರಳಿಗೂ ಕಾವು ಹಿಡಿದಿತ್ತು.
ಝೆಫೆರೀನೋ ಏಣಿಯಿಂದ ಬಿದ್ದು ಸತ್ತ ಎಂದರು.
ಕಾರ್ಕ್ ತೊಗಟೆ ತೂಗುವ ಗುಮಾಸ್ತ ಅವನು,
ಹನ್ನೊಂದು ವರ್ಷ ನನ್ನ ಕುರ್ಚಿಯಲ್ಲಿ ಕೂತು
ಮೀಸೆಯ ಎಡಕ್ಕೆ ಒಂದು ಕೂದಲು ಹೆಚ್ಚೆಂದು ತಕರಾರು ತೆಗೆದವನು.
ಮಣ್ಣಿಗೆ ಮುಂಚಿನ ಕೊನೆಯ ಕ್ಷೌರಕ್ಕೆ
ಅವನ ತಂಗಿ ನನ್ನನ್ನೇ ಕರೆದಳು.

ತಕರಾರಿಲ್ಲದ ಗಲ್ಲ ಬೋಳಿಸುವುದು ಕಷ್ಟ.
ತಲೆ ಹೊರಳಿಸಿದೆ. ಬಲಗಿವಿಯ ಹಿಂದೆ
ಕೂದಲು ಸುಳಿಯುವ ಕಡೆ ಒಂದು ಗುರುತು,
ಕಲ್ಲಿನಷ್ಟು ಒರಟಲ್ಲ, ಅಲಗಿನಷ್ಟು ತೆಳುವಲ್ಲ.
ಬಾಚಿ ಮುಚ್ಚಿದೆ.
ಕೋಣೆಯ ತುಂಬ ಅಳುವವರಿದ್ದರು.

ಆ ರಾತ್ರಿ ಒಂದು ಗಂಟೆ, ಕಿಟಕಿ ತೆರೆದೇ ಇತ್ತು.
ಎಲಾದಿಯೋ ಬೆನ್ನು ಮಾಡಿ ಮಲಗಿದ್ದ.
(ಊರಿನ ಬಾಯಲ್ಲಿ ಅವನು ನನ್ನ ಬಾಡಿಗೆದಾರ.
ಇಪ್ಪತ್ತಾರು ವರ್ಷದ ಬಾಡಿಗೆ.)
ಕಣ್ಣು ಮುಚ್ಚಿಯೂ ನಾನು ಓದಬಲ್ಲ ಬೆನ್ನು:
ಹೆಗಲಲ್ಲಿ ಹಗ್ಗ ಕಚ್ಚಿದ ಕಲೆ,
ಬೆನ್ನುಹುರಿಯ ಪಕ್ಕ ಸಾಲು ತಪ್ಪಿದ ಮೂರು ಮಚ್ಚೆ.
ನಿದ್ದೆ ಬಾರದೆ ಅದರ ಮೇಲೆ ಬೆರಳಲ್ಲಿ ಬರೆದೆ
ಸತ್ತವನ ಗುರುತು.
ಎರಡು ಬದಿ ಇಳಿಜಾರು, ನಡುವೆ ಮೊಂಡು ಗೆರೆ.

"ಇನ್ನೊಂದ್ಸಲ ಬರಿ" ಅಂದ.
ಬರೆದೆ.
ಎದ್ದು ಕೂತ.
"ಅದು ಕೊಡಲಿ ಅಲ್ಲ. ಕೊಡಲಿಯ ಕಾವು.
ನಮ್ಮ ಕಾವಿನ ತುದೀನ ಬೆಣೆ ಹಾಗೆ ಕೆತ್ತಿರ್ತೀವಿ.
ಅಲಗಲ್ಲಿ ಸೀಳಬೇಕು, ಕಾವಲ್ಲಿ ಮೀಟಬೇಕು,
ತೊಗಟೆ ಏಳಬೇಕು, ಮರಕ್ಕೆ ಗೊತ್ತಾಗಬಾರದು."
ನಲವತ್ತು ಬೇಸಿಗೆ ಮೀಟಿದ ಕೈ
ಕತ್ತಲನ್ನೇ ಒಂದಿಷ್ಟು ಎಬ್ಬಿಸಿ ತೋರಿಸಿತು.

ಬೆಳಕು ಹರಿಯುವ ಮೊದಲೇ ತೋಪಿನಲ್ಲಿದ್ದೆವು.
ಒಮ್ಮೆ ಸುಲಿದ ಮರವನ್ನು ಒಂಬತ್ತು ವರ್ಷ ಮುಟ್ಟುವಂತಿಲ್ಲ,
ಸುಲಿದ ವರ್ಷದ ಕೊನೆಯಂಕಿ
ಅದರ ಮೈಮೇಲೇ ಸುಣ್ಣದ ಬಿಳಿಯಲ್ಲಿ.
ಈ ಸಲ ಎರಡರ ಸರದಿ.
ಝೆಫೆರೀನೋ ಬಿದ್ದ ಮರಕ್ಕೆ ಏಳು.
"ಇನ್ನೂ ಐದು ವರ್ಷ ಇದೆ ಇದಕ್ಕೆ," ಎಲಾದಿಯೋ ಮರ ಸವರಿದ,
"ಇಲ್ಲಿ ಏಣಿ ಯಾಕೆ?"
ಕತ್ತಲಲ್ಲಿ ಏಣಿ ಒರಗಿಸಿದವನಿಗೆ ಅಂಕಿ ಕಂಡಿರಲಿಲ್ಲ.

ಮೇಸ್ತ್ರಿ ಕ್ರಿಸ್ಪಿಮ್‌ನ ಕೊಡಲಿಗೆ ಆ ವಾರ ಹೊಸ ಕಾವು,
ಬೆವರು ಕುಡಿಯದ ಬಿಳಿ ಕಾವು.
ಹಳೆಯದನ್ನು ಕೆತ್ತಿಕೊಟ್ಟಿದ್ದು ಎಲಾದಿಯೋನೇ,
ಹುಡುಗ ಕೆಲಸಕ್ಕೆ ಸೇರಿದ ದಿನ.
ಅದು ಸಿಕ್ಕಿತು, ತೋಪಿನಾಚೆಯ ಪಾಳುಬಾವಿಯಲ್ಲಿ, ತೇಲುತ್ತ.
ಮರ ಮುಳುಗದೆಂಬುದನ್ನು
ಮರದವನೇ ಮರೆತಿದ್ದ.
ಗುಮಾಸ್ತನ ಪುಸ್ತಕದಲ್ಲಿ ಎರಡೆರಡು ತೂಕ,
ಒಂದು ಧಣಿಗೆ, ಒಂದು ಲಾರಿಗೆ.
ಕುಲಕ್ಕೆ ಮೃತ್ಯು ಎನ್ನುತ್ತಾರಲ್ಲ, ಆ ಮಾತು
ಎಲಾದಿಯೋನ ಗಂಟಲಿನವರೆಗೆ ಬಂದು ನಿಂತಿತು.
ತನ್ನ ಉಳಿಯ ಗುರುತನ್ನು ಹೆಬ್ಬೆಟ್ಟಿನಿಂದ
ಒರೆಸಿದ, ಒರೆಸಿದ.

ಠಾಣೆಯಲ್ಲಿ ಸಾರ್ಜೆಂಟ್ ಲಿಡುವೀನಾ ಕೇಳಿದಳು:
ಗಾಯದ ಆಕಾರ ಇವರಿಗೆ ತಿಳಿಸಿದ್ದು ಎಲ್ಲಿ?
ಯಾವಾಗ? ಹೇಗೆ?
ಫ್ಯಾನು ಒಂದು ಸುತ್ತು ಸುತ್ತಿತು.
ಸುಳ್ಳು ಸುಲಭವಿತ್ತು: ಅಂಗಡಿಯಲ್ಲಿ, ಮಧ್ಯಾಹ್ನ, ಕಾಗದದ ಮೇಲೆ.
ಆದರೆ ಒಂದು ಸುಳ್ಳು ಸೇರಿದರೆ
ಗುಮಾಸ್ತನ ಪುಸ್ತಕಕ್ಕೂ ನಮ್ಮ ಹೇಳಿಕೆಗೂ ಏನು ವ್ಯತ್ಯಾಸ?
"ಹಾಸಿಗೆಯಲ್ಲಿ," ಅಂದೆ. "ರಾತ್ರಿ ಒಂದಕ್ಕೆ.
ಇವನ ಬೆನ್ನ ಮೇಲೆ."
ಪೆನ್ನು ನಿಂತಿತು. ಎಲಾದಿಯೋ ಟೋಪಿ ತಿರುಗಿಸುತ್ತಿದ್ದ.
ಅವಳು ಬರೆದಳು: ಅವರ ಮನೆಯಲ್ಲಿ.
ಸ್ವಲ್ಪ ಯೋಚಿಸಿ ಕೆಳಗೆ
ಉಳಿದದ್ದನ್ನೂ ಬರೆದಳು.

ಹಾಸಿಗೆಯ ಸುದ್ದಿಯನ್ನು ಊರು ಎರಡೇ ದಿನದಲ್ಲಿ ನುಂಗಿತು.
ಕಾವಿನ ಸುದ್ದಿ ಇನ್ನೂ ಗಂಟಲಲ್ಲಿದೆ.
ಕ್ರಿಸ್ಪಿಮ್ ಎಲ್ಲರಿಗೂ ಬೇಕಾದವನು,
ಸತ್ತವನು ಯಾರಿಗೂ ಅಷ್ಟಾಗಿ ಅಲ್ಲ.
ಶನಿವಾರದ ಕುರ್ಚಿ ಮೂರು ವಾರ ಖಾಲಿ.

ನಾಲ್ಕನೆಯ ವಾರ ಬಂದದ್ದು ಅವನ ಅಪ್ಪ.
ಕೂತ. ಕತ್ತು ಎತ್ತಿಕೊಟ್ಟ.
ಕತ್ತಿ ಇಳಿಯುವಷ್ಟೂ ಹೊತ್ತು ಇಬ್ಬರೂ ಉಸಿರು ಬಿಗಿಹಿಡಿದೆವು.
ಏಳುವಾಗ ಕನ್ನಡಿಗೆ ಹೇಳಿದ:
"ನಿನ್ನವನು ಕೆತ್ತಿದ ಕಾವು ಚೆನ್ನಾಗಿತ್ತು."

ನಿನ್ನವನು.
ದುಡ್ಡು ಕೊಡಲಿಲ್ಲ. ನಾನು ಕೇಳಲೂ ಇಲ್ಲ.