ಹತ್ತೂವರೆ ಮಿಲಿಮೀಟರ್

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಸರಿ.
ಲೊರೆಲ್‌ಳ ಕಾರಿನಲ್ಲಿ ಹಾಸಿಗೆ ಹಳೆಯದೇ,
ಕಾಲು ಮಾತ್ರ ಹೊಸದು, ಉದ್ದ.
ಅದು ತಾಗದಿರಲೆಂದು ಬ್ಲಾಕಿನ ಅಂಚನ್ನು
ಗ್ರೈಂಡರಿನಲ್ಲಿ ನಾನೇ ಕೆರೆದೆ;
ಎರಕದ ಕಬ್ಬಿಣದ ಹುಡಿ
ಮೂರು ದಿನ ಮೂಗಿನಲ್ಲಿತ್ತು.

"ಪಿಸ್ಟನ್ನು ಈಗ ಹತ್ತೂವರೆ ಮಿಲಿಮೀಟರ್
ಹೆಚ್ಚು ಕೆಳಗಿಳಿಯುತ್ತೆ" ಎಂದೆ.
"ಅಷ್ಟೇನಾ? ನನ್ನ ಕಿರುಬೆರಳಿನ ಉಗುರಷ್ಟು!"
ಅಷ್ಟೇ.
ಐದು ಲೀಟರಿನ ಎಂಜಿನ್ನು ಐದೂ ಮುಕ್ಕಾಲಾಯಿತು.

ವೈಯಾಲದಲ್ಲಿ ಬೆಳಿಗ್ಗೆ ಏಳೂ ಮುಕ್ಕಾಲು.
ಮೈ ಕಾಯುವ ತನಕ ಲಟಲಟ ಎನ್ನುತ್ತದೆ,
ಬಾನೆಟ್ಟಿನ ಮೇಲಿನ ಕೆಂಪು ಧೂಳು ಕುಣಿಯುತ್ತದೆ,
ಎದುರುಮನೆಯ ಡೆಂಜಿಲ್ ಕಿಟಕಿ ಮುಚ್ಚುತ್ತಾನೆ.
ಹಿಂದಿನ ಸೀಟಿನಲ್ಲಿ ಹಳದಿ ಕೋಟು,
ಕೋಲಿಗೆ ಜಡಿದ 'ನಿಲ್ಲಿ' ಬೋರ್ಡು.

ಅವಳ ಕೆಲಸ, ಶಾಲೆಯ ಮುಂದೆ
ಮಕ್ಕಳನ್ನು ರಸ್ತೆ ದಾಟಿಸುವುದು.
ಅಲ್ಲಿ ಯಾರೂ ಇಪ್ಪತ್ತೈದು ಮೀರುವಂತಿಲ್ಲ.
ಮೀರಿದವರ ನಂಬರು ಬರೆದುಕೊಳ್ಳುವವಳೂ ಅವಳೇ.

ನೂರು ಕಿಲೋಮೀಟರಿಗೆ ಹದಿನೆಂಟು ಲೀಟರು ಕುಡಿಯುತ್ತೆ.
ಜನವರಿಯ ಮಧ್ಯಾಹ್ನ, ಸಿಗ್ನಲಿನಲ್ಲಿ ನಿಂತರೆ,
ಮುಳ್ಳು ಕೆಂಪಿನತ್ತ ತೆವಳುತ್ತೆ.
ಯಾಕೆ ಬೇಕಿತ್ತು, ಎಂದು ಕೇಳಿದ್ದೆ,
ದುಡ್ಡು ಎಣಿಸಿಕೊಂಡ ಮೇಲೆ.

ಉತ್ತರಿಸಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು
ಶಾಲೆಯ ಬೀದಿಗೆ ಕರೆದೊಯ್ದಳು, ಇಪ್ಪತ್ತನಾಲ್ಕರಲ್ಲಿ,
ಪೆಡಲ್ಲಿನ ಮೇಲೆ ಕಾಲು ಇಟ್ಟೂ ಇಡದ ಹಾಗೆ.
ಮೂರನೇ ಗೇರಿನಲ್ಲೂ ಮುಗ್ಗರಿಸಲಿಲ್ಲ ಅದು.
ಒಂದು ಷೂ ಕೈಯಲ್ಲಿ ಹಿಡಿದ ಹುಡುಗ
ಇನ್ನೊಂದು ಕೈ ಬೀಸಿದ.
"ಕೇಳಿಸ್ತಾ," ಎಂದಳು,
"ಎಷ್ಟು ಉಳಿದಿದೆ ಅಂತ?"