ಮೂರನೇ ಬೆಲ್

ಪತ್ರ ಬಂದದ್ದು ಮಂಗಳವಾರ. ಒಂದೂವರೆ ಸಾಲು:
"ಪ್ರಸಕ್ತ ಸಾಲಿನಿಂದ ಸದರಿ ಅನುದಾನವನ್ನು
ಮುಂದುವರಿಸಲು ಅವಕಾಶವಿರುವುದಿಲ್ಲ."
ಕೆಳಗೆ ಸಹಿ, ಸಹಿಗಿಂತ ದೊಡ್ಡ ಸೀಲು.
ಮುನಿಲಕ್ಷ್ಮಮ್ಮ ಗಟ್ಟಿಯಾಗಿ ಎರಡು ಸಲ ಓದಿ
"ಡೈಲಾಗು ಸಪ್ಪೆ" ಅಂದಳು.
ನಾಲ್ಕಾಗಿ ಮಡಚಿ, ಅಲ್ಲಾಡುತ್ತಿದ್ದ
ಟಿಕೆಟ್ ಮೇಜಿನ ಕಾಲಡಿ ಇಟ್ಟಳು.

ಕಾಮಾಕ್ಷಿಪಾಳ್ಯದ ಒಂದು ಅಡ್ಡರಸ್ತೆ.
ಈ ಕಡೆ ಲೇತು, ಆ ಕಡೆ ಪವರ್ ಪ್ರೆಸ್ಸು,
ನಡುವಿನ ಶೆಡ್ಡು ನಮ್ಮದು. ಎಪ್ಪತ್ತೆರಡು ಕುರ್ಚಿ,
ಹನ್ನೊಂದು ಲೈಟು, ಉರಿಯುವವು ಏಳು.
ನಾನು ಲೈಟಿನವನು. ಕತ್ತಲಲ್ಲಿ ಕೂತು
ತಲೆ ಎಣಿಸುವುದು ನನ್ನ ಚಟ.

ಸುಳ್ಳು ಯಾಕೆ ಹೇಳಲಿ, ದುಡ್ಡು ಬರುತ್ತಿದ್ದಾಗಲೂ
ತಲೆಗಳು ಹೆಚ್ಚೇನೂ ಇರಲಿಲ್ಲ.
ವರ್ಷಕ್ಕೆ ಆರು ನಾಟಕ, ಆರು ಬ್ಯಾನರು,
ಅದರಲ್ಲಿ ಇಲಾಖೆಯ ಹೆಸರು
ನಾಟಕದ ಹೆಸರಿಗಿಂತ ದಪ್ಪ.
ಲೆಕ್ಕಪತ್ರದ ಜೊತೆ ಪ್ರೇಕ್ಷಕರ ಫೋಟೋ ಲಗತ್ತಿಸಬೇಕೆಂದು
ನಟರೇ ವೇಷ ಕಳಚಿ ಮುಂದಿನ ಸಾಲಲ್ಲಿ ಕೂತು
ಖಾಲಿ ರಂಗಕ್ಕೆ ಚಪ್ಪಾಳೆ ತಟ್ಟಿದ್ದುಂಟು.
ಫೋಟೋ ಚೆನ್ನಾಗಿಯೇ ಬಂದಿದೆ.
ಒಬ್ಬನ ಕಿವಿಯ ಹಿಂದೆ ಮಾತ್ರ
ಒಂದಿಷ್ಟು ನೀಲಿ ಬಣ್ಣ.

ಮೊದಲು ಹೋದದ್ದು ಎಸಿ. ಆಮೇಲೆ ಬೆಲ್ಲು.
ಸೆಕೆ ತಾಳದೆ ಶಟರು ತೆರೆದೇ ಆಡತೊಡಗಿದೆವು.
ತೆರೆದ ಶಟರಿಗೆ ಮೊದಲು ಬಂದದ್ದು ಬೀದಿನಾಯಿ,
ಆಮೇಲೆ ಪ್ರೆಸ್ಸಿನ ಸದ್ದು,
ಸದ್ದು ನಿಂತ ಮೇಲೆ ಅಂತೋಣಿ,
ಎಣ್ಣೆಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ.
ಬಲಗೈಯಲ್ಲಿ ಮೂರೇ ಬೆರಳು.

"ಆ ರಾಜ ಇವತ್ತು ಯಾಕೆ ಬೇಗ ಸತ್ತ?
ಹೋದ ವರ್ಷ ಇನ್ನೂ ಚೆನ್ನಾಗಿ ಸಾಯ್ತಿದ್ದ."
ಯಾವಾಗ ನೋಡಿದೆ ಅಂತ ಕೇಳಿದರೆ
"ನೋಡಿದ್ದು ಎಲ್ಲಿ? ಒಂಬತ್ತು ವರ್ಷದಿಂದ
ಗೋಡೆ ಆಚೆ ಕೇಳಿಸ್ಕೊಂಡಿದ್ದೀನಿ.
ಇವನು ಇಷ್ಟು ಕುಳ್ಳ ಅಂತ ಗೊತ್ತಿರಲಿಲ್ಲ."

ಒಂಬತ್ತು ವರ್ಷ. ನಾನು
ತಪ್ಪು ಕಡೆ ಎಣಿಸುತ್ತ ಕೂತಿದ್ದೆ.

ಮುಂದಿನ ಶನಿವಾರ ಎಂಟು ಜನ. ಕುರ್ಚಿಗೆ ಗ್ರೀಸು ಹತ್ತೀತೆಂದು
ನೆಲದ ಮೇಲೆ ಕೂತರು. ಮುನಿಲಕ್ಷ್ಮಮ್ಮ
ಹಳೆ ಬ್ಯಾನರುಗಳನ್ನು ತಿರುವಿ, ಕತ್ತರಿಸಿ,
ಕುರ್ಚಿಗಳಿಗೆ ಗವುಸು ಹೊಲಿದಳು.
ಈಗ ಎಲ್ಲರೂ ಇಲಾಖೆಯ ಮೇಲೆ ಕೂರುತ್ತಾರೆ.
ಶಿಫ್ಟು ಬಿಡುವುದು ಏಳೂವರೆಗೆ, ನಾಟಕ ಏಳು ನಲವತ್ತಕ್ಕೆ.
ಲೇತಿನವರು ಪರದೆಯ ರಾಟೆಗೆ ಬುಷ್ ತಿರುವಿ ಕೊಟ್ಟರು,
ಅದು ಅವರ ಟಿಕೆಟ್ಟು.
ಬೆಲ್ಲಿನ ಬದಲು ಒಂದು ತುಂಡು ಹಳಿ ನೇತುಹಾಕಿದೆ;
ಮೂರು ಬೆರಳಲ್ಲಿ ಸ್ಪ್ಯಾನರ್ ಹಿಡಿದು
ಮೂರನೇ ಬೆಲ್ ಅಂತೋಣಿಯೇ ಹೊಡೆಯಬೇಕು,
ಬೇರೆಯವರು ಹೊಡೆದರೆ ಜಗಳ.

ರಂಗಧಾಮಯ್ಯನವರು, ನಮ್ಮ ನಿರ್ದೇಶಕರು,
ಜನ ಬರುತ್ತಿದ್ದಾರಲ್ಲ, ಒಂದು ಕಾಮಿಡಿ ಎತ್ತಿಕೊಳ್ಳೋಣವೇ ಎಂದರು.
"ಬೇಡ ಸಾರ್, ಅಳೋದೇ ಹಾಕಿ.
ನಗೋದು ಫೋನಲ್ಲಿ ಸಿಗುತ್ತೆ."

ಹಾಗಂತ ಎಲ್ಲ ಸರಿಹೋಗಿಲ್ಲ.
ಮೂರು ತಿಂಗಳ ಬಾಡಿಗೆ ಬಾಕಿ.
ರಾಣಿ ಮಾಡುವ ಜಬೀನಾ ಗುರುವಾರಗಳಂದು
ಸೀರಿಯಲ್ಲಿಗೆ ಡಬ್ಬಿಂಗ್ ಹೋಗುತ್ತಾಳೆ,
ಒಂದು ಗುರುವಾರ ವಾಪಸು ಬರಲಿಕ್ಕಿಲ್ಲ.
ಪ್ರೆಸ್ಸನ್ನೂ ಪೀಣ್ಯಕ್ಕೆ ಸಾಗಿಸುತ್ತಾರಂತೆ,
ಅಂತೋಣಿ ಆ ಮಾತು ತೆಗೆಯುವುದಿಲ್ಲ, ನಾವೂ.

ಮೊನ್ನೆ ನಲವತ್ತೊಂದು ತಲೆ.
ಸಾಯುವ ಹೊತ್ತಿಗೆ ಸರಿಯಾಗಿ ರಾಜನಿಗೆ ಮಾತು ಮರೆತುಹೋಯಿತು.
ಪ್ರಾಂಪ್ಟರ್ ಇಲ್ಲ; ಅವನ ಸಂಬಳವೂ
ಆ ಒಂದೂವರೆ ಸಾಲಿನಲ್ಲೇ ಹೋಯಿತಲ್ಲ.
ಒಂದು ಕ್ಷಣ. ಎರಡು.
ಮೂರನೇ ಸಾಲಿನ ಕತ್ತಲಿಂದ
ತಮಿಳು ಬೆರೆತ ಕನ್ನಡದಲ್ಲಿ
ಆ ಮಾತು ಮೆಲ್ಲಗೆ ಹೊರಟಿತು,
ಪಕ್ಕದವರೂ ಸೇರಿಕೊಂಡರು.
ರಾಜ ಅದನ್ನು ಕೈಸಾಲದ ಹಾಗೆ ಪಡೆದು
ಸತ್ತ. ನಿಧಾನಕ್ಕೆ ಸತ್ತ.

ಉರಿಯುವ ಏಳರಲ್ಲಿ ಒಂದನ್ನು
ಯಾರಿಗೂ ಹೇಳದೆ ನಾನು
ಒಂದಿಂಚು ಈ ಕಡೆ ತಿರುಗಿಸಿದೆ.